ಮಡಿಕೇರಿಯ ಮಳೆ ಪರದೆಗೆ ಬಂದ ಮೇಲೆ

ಜೂನ್ ತಿಂಗಳ ಎರಡನೇ ವಾರ. ಬೆಳಗಿನ ಎಂಟಾಗಿದೆ ಎಂಬುದನ್ನು ಮಡಿಕೇರಿಯಲ್ಲಿ ಗಡಿಯಾರ ನೋಡಿಯೇ ನಂಬಬೇಕು. ರಾಜಾಸೀಟಿನ ಕಟಕಟೆಯಾಚೆ ಕಣಿವೆ ಕಾಣುವುದಿಲ್ಲ, ಗದ್ದೆ ಕಾಣುವುದಿಲ್ಲ, ಮಂಗಳೂರಿನ ಕಡೆಗೆ ಇಳಿದು ಹೋಗುವ ರಸ್ತೆಯೂ ಕಾಣುವುದಿಲ್ಲ. ಎಲ್ಲವನ್ನೂ ಮಂಜು ನುಂಗಿದೆ. ಆಗಾಗ ಗಾಳಿ ಬೀಸಿದಾಗ ಒಂದು ಸಿಲ್ವರ್ ಓಕ್ ಮರದ ನೆತ್ತಿ ಹೊರಬಂದು ಮತ್ತೆ ಮುಳುಗುತ್ತದೆ. ರಸ್ತೆಯ ಬದಿಯಲ್ಲಿ ಜೀಪುಗಳ ಸಾಲು. ಅವುಗಳ ಟಾರ್ಪಾಲಿನ ಅಂಚಿನಿಂದ ನೀರು ಹನಿಯುತ್ತಿದೆ. ಚಾಲಕರು ಜರ್ಕಿನ್ನಿನ ಟೋಪಿ ಎಳೆದುಕೊಂಡು ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತ ಗಿರಾಕಿ ಕಾಯುತ್ತಿದ್ದಾರೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದ ಹುಡುಗ ಹುಡುಗಿಯರ ಒಂದು ತಂಡ ಮಾಂದಲ್‌ಪಟ್ಟಿಗೆ ಹೋಗಲು ಜೀಪು ಮಾತಾಡುತ್ತಿದೆ. "ಮೇಲೆ ಏನೂ ಕಾಣೋದಿಲ್ಲ ಸಾರ್, ಪೂರಾ ಮಂಜು. ಆಮೇಲೆ ನನ್ನನ್ನು ಬಯ್ಯಬೇಡಿ," ಎಂದು ಚಾಲಕ ಮೊದಲೇ ಹೇಳಿಬಿಡುತ್ತಾನೆ. "ನಮಗೆ ಮಳೇನೇ ಬೇಕು ಅಣ್ಣ," ಎನ್ನುತ್ತಾಳೆ ಒಬ್ಬಳು. ಅವರಲ್ಲೊಬ್ಬ ಹುಡುಗ ಕೊಡೆ ಮಡಚಿ, ಕೈಗಳೆರಡನ್ನೂ ಅಗಲಿಸಿ, ಮುಖ ಮೇಲೆತ್ತಿ ಮಳೆಗೆ ನಿಲ್ಲುತ್ತಾನೆ. ಫೋನಿನಲ್ಲಿ ಅವನ ವಿಡಿಯೋ ತೆಗೆಯುತ್ತಿರುವ ಗೆಳೆಯನ ಜೇಬಿನ ಸ್ಪೀಕರಿನಿಂದ ಸೋನು ನಿಗಮ್ ದನಿ ಕೇಳುತ್ತದೆ. ಆ ಹಾಡು ಬಂದಾಗ ಈ ಹುಡುಗ ಅಂಗನವಾಡಿಗೆ ಹೋಗುತ್ತಿದ್ದಿರಬೇಕು, ಇಲ್ಲವೇ ಇನ್ನೂ ಹುಟ್ಟಿರಲಿಕ್ಕಿಲ್ಲ. ಆದರೂ ಮಡಿಕೇರಿಯ ಮಳೆಯಲ್ಲಿ ಹೇಗೆ ನಿಲ್ಲಬೇಕು ಎಂಬುದು ಅವನಿಗೆ ಗೊತ್ತಿದೆ. ಅದನ್ನು ಅವನಿಗೆ ಕಲಿಸಿದ್ದು 2006ರ ಡಿಸೆಂಬರ್ 29ರಂದು ತೆರೆಕಂಡ ಒಂದು ಸಿನಿಮಾ.

'ಮುಂಗಾರು ಮಳೆ' ಬಂದದ್ದು ಚಳಿಗಾಲದಲ್ಲಿ. ಕೊಡಗಿನಲ್ಲಿ ಆಗ ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹರಡಿದ ಹಣ್ಣು ಒಣಗುತ್ತಿರುತ್ತದೆ, ಒಂದು ಹನಿ ಬಿದ್ದರೂ ಬೆಳೆಗಾರನ ಎದೆ ಹೊಡೆದುಕೊಳ್ಳುತ್ತದೆ. ಹೊರಗೆ ಒಣಹವೆ, ಒಳಗೆ ಪರದೆಯ ತುಂಬ ಜಡಿಮಳೆ. ನಿರ್ದೇಶಕ ಯೋಗರಾಜ ಭಟ್ಟರು ಅಲ್ಲಿಯವರೆಗೆ 'ಮಣಿ', 'ರಂಗ ಎಸ್ಸೆಸ್ಸೆಲ್ಸಿ' ಮಾಡಿದ್ದವರು. ನಾಯಕ ಗಣೇಶ್ ಟಿವಿಯ ಕಾಮಿಡಿ ಕಾರ್ಯಕ್ರಮದಿಂದ ಜನರಿಗೆ ಪರಿಚಯವಾಗಿ, ಆ ವರ್ಷವಷ್ಟೇ 'ಚೆಲ್ಲಾಟ'ದಲ್ಲಿ ನಾಯಕನಾಗಿದ್ದವರು. ನಾಯಕಿ ಪೂಜಾ ಗಾಂಧಿ ಕನ್ನಡಕ್ಕೆ ಹೊಸಬರು. ನಿರ್ಮಾಪಕ ಇ. ಕೃಷ್ಣಪ್ಪ ಹಾಕಿದ ಬಂಡವಾಳ ಒಂದು ಕೋಟಿಯನ್ನೂ ಮುಟ್ಟಿರಲಿಲ್ಲ ಎಂದು ಆಗ ವರದಿಯಾಗಿತ್ತು. ಕಥೆಯೂ ಸರಳ. ಬೆಂಗಳೂರಿನ ಮಾಲಿನ ಮುಂದೆ ಚೆಲುವೆಯೊಬ್ಬಳನ್ನು ನೋಡುತ್ತ ನಡೆದ ಹುಡುಗ ಗುಂಡಿಗೆ ಬೀಳುತ್ತಾನೆ. ಅವನನ್ನು ಮೇಲೆತ್ತುವಾಗ ಅವಳ ಹೃದಯದಾಕಾರದ ಗಡಿಯಾರ ಕಳಚಿ ಬೀಳುತ್ತದೆ. ಮುಂದೆ ಅಮ್ಮನೊಂದಿಗೆ ಮದುವೆಗೆಂದು ಮಡಿಕೇರಿಗೆ ಬಂದಿಳಿದಾಗ ಮದುಮಗಳಾಗಿ ಎದುರಾಗುವವಳು ಅವಳೇ. ಅವಳ ತಂದೆ ನಿವೃತ್ತ ಕರ್ನಲ್ ಸುಬ್ಬಯ್ಯನ ಪಾತ್ರದಲ್ಲಿ ಅನಂತ್‌ನಾಗ್. ಕಿವಿ ಸರಿಯಾಗಿ ಕೇಳಿಸದ ಆ ಕರ್ನಲ್, ದೇವದಾಸ ಎಂಬ ಮೊಲ, ಬಾಯಿಗೆ ಬಿಡುವೇ ಕೊಡದ ನಾಯಕ ಪ್ರೀತಮ್, ಇವರ ಸುತ್ತ ಎಡೆಬಿಡದ ಮಳೆ. ಕೊನೆಯಲ್ಲಿ ನಾಯಕನಿಗೆ ನಾಯಕಿ ಸಿಗುವುದಿಲ್ಲ. ಅವಳನ್ನು ಅವನೇ ಬಿಟ್ಟುಕೊಟ್ಟು ಹೊರಡುತ್ತಾನೆ.

ಇಷ್ಟೇ ಆದರೆ ಅದೊಂದು ಒಳ್ಳೆಯ ಪ್ರೇಮಕಥೆ. ಇಡೀ ಉದ್ಯಮದ ದಿಕ್ಕನ್ನು ಅದು ತಿರುಗಿಸಿದ್ದು ಹೇಗೆ ಎಂಬುದಕ್ಕೆ ನನ್ನ ಬಳಿ ಒಂದು ಉತ್ತರವಿದೆ. ಕಥೆಯಲ್ಲಿ ಮಳೆಯೂ ಒಂದು ಪಾತ್ರವಾಯಿತು. ಅಲ್ಲಿಯವರೆಗೆ ಕನ್ನಡ ಸಿನಿಮಾದಲ್ಲಿ ಮಳೆ ಬರುತ್ತಿದ್ದದ್ದು ಒಂದು ಹಾಡಿಗೆ, ಇಲ್ಲವೇ ಒಂದು ಹೊಡೆದಾಟಕ್ಕೆ. ಕೆಲಸ ಮುಗಿದೊಡನೆ ಅದು ನಿಲ್ಲುತ್ತಿತ್ತು. ಭಟ್ಟರ ಸಿನಿಮಾದಲ್ಲಿ ಅದು ನಿಲ್ಲಲಿಲ್ಲ. ಮಾತಿನ ನಡುವೆ, ಮೌನದ ನಡುವೆ, ಜಗುಲಿಯಲ್ಲಿ, ಕಾರಿನ ಗಾಜಿನ ಮೇಲೆ, ಮದುವೆ ಮನೆಯ ಚಪ್ಪರದ ಹೊರಗೆ ಸುರಿಯುತ್ತಲೇ ಇತ್ತು. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿಗೂ ಕಡಿಮೆ ಮಳೆ. ಮಡಿಕೇರಿಯಲ್ಲಿ ಅದು ಮೂರು ಸಾವಿರ ಮೀರುತ್ತದೆ. ಆ ವ್ಯತ್ಯಾಸ ಏನೆಂಬುದನ್ನು ಬಯಲುಸೀಮೆಯ ಪ್ರೇಕ್ಷಕ ಮೊದಲ ಸಲ ಎರಡೂವರೆ ಗಂಟೆ ಕೂತು ಅನುಭವಿಸಿದ.

ಮಳೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಲ್ಲ. ಕಣ್ಣಿಗೆ ಧಾರಾಕಾರವಾಗಿ ಕಾಣುವ ಮಳೆ, ಎದುರಿನಿಂದ ಬೆಳಕು ಬಿದ್ದರೆ ಫಿಲ್ಮಿನ ಮೇಲೆ ಮೂಡುವುದೇ ಇಲ್ಲ. ಹಿಂದಿನಿಂದ ಬೆಳಕು ಹಾಯಬೇಕು, ಹಿನ್ನೆಲೆ ಕಡುಹಸಿರೋ ಕಪ್ಪೋ ಆಗಿರಬೇಕು. ಆಗ ಮಾತ್ರ ಪ್ರತಿಯೊಂದು ಎಳೆ ಬೇರೆಬೇರೆಯಾಗಿ ಕಾಣುತ್ತದೆ. ನಿಜವಾದ ಮಳೆಗೆ ಶಾಟಿನ ಲೆಕ್ಕ ಗೊತ್ತಿಲ್ಲ. ಒಂದು ಮಾತಿಗೆ ಜೋರಾಗಿ, ಅದರ ಉತ್ತರಕ್ಕೆ ಸಣ್ಣಗೆ ಬಿದ್ದರೆ ಎರಡನ್ನೂ ಜೋಡಿಸಲು ಬರುವುದಿಲ್ಲ. ಅದಕ್ಕೇ ಸಿನಿಮಾದವರು ಮಳೆಯ ಊರಿಗೆ ಹೋದರೂ ನೀರಿನ ಟ್ಯಾಂಕರು, ಪೈಪು ಕೊಂಡೊಯ್ಯುತ್ತಾರೆ. ಲೆನ್ಸಿಗೆ ಉಸಿರಿನ ಆವಿ ಕಟ್ಟುತ್ತದೆ. ಒರೆಸುವ ಬಟ್ಟೆ ಒಣಗುವುದಿಲ್ಲ. ನಟರು ನಡುಗುವ ತುಟಿಯಲ್ಲಿ ನಗಬೇಕು. ಛಾಯಾಗ್ರಾಹಕ ಕೃಷ್ಣ ಈ ಎಲ್ಲವನ್ನೂ ದಾಟಿ ತಂದುಕೊಟ್ಟ ಹಸಿರು ಮತ್ತು ಬೂದು ಬಣ್ಣಗಳ ಲೋಕ ಕನ್ನಡದ ತೆರೆಗೆ ಹೊಸದಾಗಿತ್ತು. ಜೋಗದ ನೆತ್ತಿಯಲ್ಲಿ, ನೀರು ಧುಮುಕುವ ಬಂಡೆಗಳ ಅಂಚಿನಲ್ಲಿ ಅವರು ತೆಗೆದ ದೃಶ್ಯವನ್ನು ದೊಡ್ಡ ಪರದೆಯ ಮೇಲೆ ನೋಡಿದವರ ಅಂಗಾಲು ಜುಮ್ಮೆಂದದ್ದು ಸುಳ್ಳಲ್ಲ. ಮಡಿಕೇರಿಯವರು ಅದನ್ನು ನೋಡಿ "ಇದು ನಮ್ಮೂರಲ್ಲ" ಎಂದದ್ದೂ ನಿಜ. ಜೋಗ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಸಕಲೇಶಪುರದ ಗುಡ್ಡಗಳೂ ಸಿನಿಮಾದಲ್ಲಿವೆ. ಪರದೆಯ ಮೇಲಿನ ಮಡಿಕೇರಿ ಘಟ್ಟದ ಎಲ್ಲ ಮಳೆಯೂರುಗಳನ್ನು ಕೂಡಿಸಿ ಕಟ್ಟಿದ ಒಂದು ಊರು.

ಹಾಡುಗಳ ಮಾತು ಬೇರೆಯೇ. ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿ, ತಂತ್ರಜ್ಞಾನದ ಉದ್ಯೋಗದ ಜೊತೆಗೆ ಸಂಗೀತ ಇಟ್ಟುಕೊಂಡಿದ್ದವರು. 'ಅಮೆರಿಕಾ ಅಮೆರಿಕಾ'ದ ರಾಗಗಳಿಂದ ಕನ್ನಡಿಗರಿಗೆ ಪರಿಚಿತರು. ಜಯಂತ ಕಾಯ್ಕಿಣಿ ಗೋಕರ್ಣದ ಕಥೆಗಾರ, ಕವಿ. ಈ ಇಬ್ಬರು ಕೂಡಿದಲ್ಲಿ ಹುಟ್ಟಿದ 'ಅನಿಸುತಿದೆ' ಹಾಡು ಪ್ರೇಮವನ್ನು ಹೇಳುವ ಬಗೆಯನ್ನೇ ಬದಲಿಸಿತು. ಹುಡುಗಿಯನ್ನು ಹಿಂಬಾಲಿಸಿ ಕಾಡುವ ಹಾಡುಗಳ ಕಾಲದಲ್ಲಿ ತನ್ನೊಳಗಿನ ಗೊಂದಲವನ್ನು ಮೆಲ್ಲಗೆ ಹೇಳಿಕೊಳ್ಳುವ ಗಂಡಸಿನ ದನಿ ಕೇಳಿಬಂತು. ಹಿಂದಿಯ ಸೋನು ನಿಗಮ್, ಶ್ರೇಯಾ ಘೋಷಾಲ್, ಕುನಾಲ್ ಗಾಂಜಾವಾಲಾ ಹಾಡಿದ ಈ ಹಾಡುಗಳು ಎಫ್‌ಎಂನಲ್ಲಿ, ಬಸ್ಸಿನ ಟೇಪಿನಲ್ಲಿ, ಕಾಲೇಜಿನ ಗೋಡೆ ಬದಿಯಲ್ಲಿ, ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಮೊಬೈಲಿನ ರಿಂಗ್‌ಟೋನಿನಲ್ಲಿ ತುಂಬಿಕೊಂಡವು. ಮುಂದಿನ ಹತ್ತು ವರ್ಷ ಗಾಂಧಿನಗರದಲ್ಲಿ ಒಂದು ಹಾಡಾದರೂ ಸೋನು ನಿಗಮ್ ಹಾಡಬೇಕು, ಒಂದಾದರೂ ಕಾಯ್ಕಿಣಿ ಬರೆಯಬೇಕು ಎಂಬ ಹಟ ಶುರುವಾದದ್ದು ಇಲ್ಲಿಂದ. ಕನ್ನಡದ ಗಾಯಕರಿಗೆ ಅದರಿಂದ ಅವಕಾಶ ತಪ್ಪಿತು ಎಂಬ ದೂರು ಆಗ ಎದ್ದಿತು. ಅದರಲ್ಲಿ ನ್ಯಾಯವಿದೆ ಎಂದೇ ನಾನು ಈಗಲೂ ನಂಬಿದ್ದೇನೆ.

ವ್ಯಾಪಾರದ ಮಗ್ಗುಲನ್ನೂ ನೋಡಬೇಕು. ಅದಕ್ಕಿಂತ ಹಿಂದಿನ ವರ್ಷ ಕನ್ನಡದ ದೊಡ್ಡ ಗೆಲುವು 'ಜೋಗಿ'. 1995ರ 'ಓಂ'ನಿಂದ ಬೆಳೆದು ಬಂದ ಮಚ್ಚು ಲಾಂಗುಗಳ ಪರಂಪರೆ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲಿ ತೆಲುಗು, ತಮಿಳಿನ ರೀಮೇಕುಗಳ ಸಾಲು. ಬೆಂಗಳೂರಿನ ಮಲ್ಟಿಪ್ಲೆಕ್ಸುಗಳಲ್ಲಿ ಕನ್ನಡಕ್ಕೆ ಸಿಗುತ್ತಿದ್ದುದು ಮೂಲೆಯ ಒಂದು ಆಟ, ಅದೂ ಜನ ಬಾರದ ಹೊತ್ತಿನಲ್ಲಿ. ಅಲ್ಲಿ ಟಿಕೆಟ್ ಕೊಳ್ಳುವವರು ಕನ್ನಡ ನೋಡುವುದಿಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. 'ಮುಂಗಾರು ಮಳೆ' ಬೆಂಗಳೂರಿನ ಪಿವಿಆರ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಭಾರತದ ಯಾವ ಭಾಷೆಯ ಸಿನಿಮಾವೂ ಮಲ್ಟಿಪ್ಲೆಕ್ಸಿನಲ್ಲಿ ಅದುವರೆಗೆ ವರ್ಷ ಪೂರೈಸಿರಲಿಲ್ಲ. ಐಟಿ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ ನೇತುಹಾಕಿಕೊಂಡೇ ಬಂದ ಕನ್ನಡದ ಹುಡುಗರು ಅಲ್ಲಿ ಕನ್ನಡದಲ್ಲೇ ನಕ್ಕರು, ಅತ್ತರು, ಮತ್ತೆ ಮತ್ತೆ ಬಂದರು. ಎರಡು ತಿಂಗಳ ಒಳಗೆ ಸೂರಿಯವರ 'ದುನಿಯಾ' ಬಂತು. ಒಂದು ಮಡಿಕೇರಿಯ ಮಳೆ, ಇನ್ನೊಂದು ಕಲ್ಲು ಕ್ವಾರಿಯ ಧೂಳು. ಎರಡಕ್ಕೂ ದೊಡ್ಡ ತಾರೆಯ ಬಲವಿರಲಿಲ್ಲ. ಹೊಸಬರನ್ನು ಹಾಕಿ, ನಮ್ಮದೇ ಕಥೆ ಬರೆದು, ನಮ್ಮದೇ ಊರಿನಲ್ಲಿ ತೆಗೆದರೂ ಹಣ ಹುಟ್ಟುತ್ತದೆ ಎಂಬ ಧೈರ್ಯ ನಿರ್ಮಾಪಕರಿಗೆ ಬಂದದ್ದು ಆ ಚಳಿಗಾಲದಲ್ಲಿ.

ಕನ್ನಡದ ಆ ಮಳೆ 2008ರಲ್ಲಿ ತೆಲುಗಿಗೆ 'ವಾನ' ಆಗಿ, ಬಂಗಾಳಿಗೆ 'ಪ್ರೇಮೇರ್ ಕಾಹಿನಿ' ಆಗಿ ಹೋಯಿತು. ರೀಮೇಕು ಕೊಳ್ಳುತ್ತಿದ್ದ ಉದ್ಯಮ ರೀಮೇಕು ಮಾರಿತು. ಹತ್ತು ಹನ್ನೆರಡು ವರ್ಷ ಕಳೆದು 'ಕೆಜಿಎಫ್' ಐದು ಭಾಷೆಗಳಲ್ಲಿ ಒಟ್ಟಿಗೆ ತೆರೆಗೆ ಬಂದಾಗ, 2022ರಲ್ಲಿ 'ಕಾಂತಾರ' ಕರಾವಳಿಯ ಭೂತಕೋಲವನ್ನು ದೇಶದ ಮುಂದಿಟ್ಟಾಗ, ಕಥೆಯನ್ನು ಮಾರಿಕೊಳ್ಳುವ ಅಗತ್ಯವೇ ಇರಲಿಲ್ಲ. ಸಿನಿಮಾವೇ ಎದ್ದು ಹೋಯಿತು. 'ಕಾಂತಾರ'ದ ಕಾಡು, ಕೋಲ, ಕಂಬಳದ ಕೆಸರನ್ನು ನೋಡುವಾಗ ನನಗೆ ಮಡಿಕೇರಿ ನೆನಪಾಗುತ್ತದೆ. ಒಂದು ಸೀಮೆಯ ಮಣ್ಣು ಮತ್ತು ಹವೆಯನ್ನೇ ನಂಬಿ ಸಿನಿಮಾ ಕಟ್ಟಬಹುದು ಎಂಬುದನ್ನು ಈ ಕಾಲದ ಕನ್ನಡ ಪ್ರೇಕ್ಷಕನಿಗೆ ಮೊದಲು ರೂಢಿ ಮಾಡಿಸಿದ್ದು ಆ ಮಳೆಯೇ.

ಕೊಡಗನ್ನು ಕ್ಯಾಮೆರಾ ನೋಡಿದ್ದು ಅದೇ ಮೊದಲಲ್ಲ. ಪುಟ್ಟಣ್ಣ ಕಣಗಾಲರು 1971ರ 'ಶರಪಂಜರ'ದಲ್ಲಿ ಕಲ್ಪನಾ ಮತ್ತು ಗಂಗಾಧರ್ ಅವರನ್ನು ಇಲ್ಲಿಗೆ ಕರೆತಂದಿದ್ದರು. ನಾಯಕಿಯ ಹೆಸರೂ ಕಾವೇರಿ. ಮುಂದೆ ಮನಸ್ಸು ಒಡೆದು ಹೋಗಲಿರುವ ಆ ಹೆಣ್ಣು ತನ್ನ ಬಾಳಿನ ಅತ್ಯಂತ ಸುಖದ ದಿನಗಳನ್ನು ಕಳೆಯುವುದು ಕೊಡಗಿನಲ್ಲಿ. ಅದಕ್ಕೇ 'ಕೊಡಗಿನ ಕಾವೇರಿ' ಹಾಡು ಕೇಳುವಾಗ, ಕಥೆ ಗೊತ್ತಿದ್ದವರಿಗೆ ಗಂಟಲು ಕಟ್ಟುತ್ತದೆ. ಪುಟ್ಟಣ್ಣನವರ 'ಎಡಕಲ್ಲು ಗುಡ್ಡದ ಮೇಲೆ' ಭಾರತೀಸುತರ ಕಾದಂಬರಿಯಿಂದ ಬಂದದ್ದು. ರಾಜ್‌ಕುಮಾರ್ ನಟಿಸಿದ 'ಹುಲಿಯ ಹಾಲಿನ ಮೇವು' ಕೂಡ ಭಾರತೀಸುತರದೇ ಕಾದಂಬರಿ, ಕೊಡಗಿನ ಚರಿತ್ರೆಯಿಂದ ಎದ್ದುಬಂದದ್ದು. 1990ರಲ್ಲಿ ರಾಜೇಂದ್ರಸಿಂಗ್ ಬಾಬು 'ಮುತ್ತಿನ ಹಾರ' ತೆಗೆದರು. ವಿಷ್ಣುವರ್ಧನ್ ಮಡಿಕೇರಿಯ ಸಿಪಾಯಿ, ಸುಹಾಸಿನಿ ದಾದಿ. ಮನೆಗೊಬ್ಬ ಸೈನಿಕನನ್ನು ಕೊಟ್ಟ ನಾಡು ಅದನ್ನು ತನ್ನದೇ ಕಥೆಯೆಂದು ಎದೆಗೊತ್ತಿಕೊಂಡಿತು. ಕಾರ್ಯಪ್ಪ, ತಿಮ್ಮಯ್ಯ ಅವರ ಊರಿನಲ್ಲಿ ಯುದ್ಧದಿಂದ ಹಿಂತಿರುಗದ ಮಗನಿಗಾಗಿ ಕಾದ ಮನೆಗಳು ಎಷ್ಟೋ ಇವೆ. ಹಬ್ಬದ ದಿನ ಟಿವಿಯಲ್ಲಿ ಆ ಸಿನಿಮಾ ಬಂದರೆ ಇಲ್ಲಿನ ಹಿರಿಯರು ಈಗಲೂ ಎದ್ದು ಹೋಗುವುದಿಲ್ಲ.

ಇವೆಲ್ಲ ಜನರ ಮನಸ್ಸಿನಲ್ಲಿ ಉಳಿದವು. 'ಮುಂಗಾರು ಮಳೆ' ಅದರ ಜೊತೆಗೆ ಜನರನ್ನು ಬಸ್ಸು ಹತ್ತಿಸಿತು. 2008ರ ಜನವರಿಯಲ್ಲಿ ಭಟ್ಟರದೇ 'ಗಾಳಿಪಟ' ಬಂತು. ಅದರ ಮುಗಿಲ್‌ಪೇಟೆ ಎಂಬ ಊರಿನ ದೃಶ್ಯಗಳನ್ನು ತೆಗೆದದ್ದು ಮಾಂದಲ್‌ಪಟ್ಟಿಯಲ್ಲಿ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರಿನ ಒಳಗೆ, ಪುಷ್ಪಗಿರಿ ವನ್ಯಧಾಮದ ಅಂಚಿನಲ್ಲಿರುವ ಹುಲ್ಲುಗುಡ್ಡ ಅದು. ಅಲ್ಲಿಯವರೆಗೆ ಆ ಹೆಸರನ್ನು ಸುತ್ತಲಿನ ಊರಿನವರು, ದನ ಮೇಯಿಸುವವರು ಬಿಟ್ಟರೆ ಬಲ್ಲವರು ಕಡಿಮೆ. ಈಗ ಶನಿವಾರ ಭಾನುವಾರ ಅಲ್ಲಿ ಜೀಪುಗಳು ಒಂದರ ಬಾಲ ಒಂದು ಹಿಡಿದು ಹತ್ತುತ್ತವೆ. ಯಶ್ ಚೋಪ್ರಾರ ಸಿನಿಮಾಗಳಿಂದ ಭಾರತದ ಪ್ರವಾಸಿಗರು ಬಂದರೆಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಪಟ್ಟಣ ಅವರ ಪ್ರತಿಮೆಯನ್ನೇ ನಿಲ್ಲಿಸಿದೆ. ಮಾಂದಲ್‌ಪಟ್ಟಿಯಲ್ಲಿ ಪ್ರತಿಮೆಯಿಲ್ಲ. ಆದರೆ ಇಲ್ಲಿನ ಯಾವ ಚಾಲಕನನ್ನು ಕೇಳಿದರೂ ಆ ಸಿನಿಮಾದ ಗಣೇಶ್ ಎಲ್ಲಿ ನಿಂತಿದ್ದ, ದಿಗಂತ್ ಎಲ್ಲಿ ಓಡಿದ್ದ ಎಂದು ಬೆರಳು ತೋರಿಸುತ್ತಾನೆ.

ಆ ದಾರಿಯಲ್ಲಿ ನಾನೂ ಜೀಪಿನಲ್ಲಿ ಹತ್ತಿದ್ದೇನೆ. ಕೊನೆಯ ಕೆಲವು ಕಿಲೋಮೀಟರು ರಸ್ತೆ ಎನ್ನುವುದು ಹೆಸರಿಗೆ. ದಪ್ಪ ಜಲ್ಲಿ, ಮೊಣಕಾಲುದ್ದದ ಗುಂಡಿ, ಅದರೊಳಗೆ ಕಾಫಿ ಬಣ್ಣದ ನೀರು. ಚಾಲಕ ಫೋರ್ ವೀಲ್ ಹಾಕಿ, ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಗಾಜಿನ ಒಳಮೈ ಒರೆಸುತ್ತ ಏರುತ್ತಾನೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಟಿ ಕೊಂಡು, ಇಳಿದು ನಡೆಯಬೇಕು. ಬೂಟಿನ ಲೇಸಿನ ಮೇಲೆ ದಾರದ ತುಂಡಿನ ಹಾಗೆ ಕಾಣುವುದು ಜಿಗಣೆ. ನೋಡನೋಡುತ್ತಿದ್ದಂತೆ ಅದು ಒಂದು ತುದಿಯನ್ನು ಊರಿ, ಇನ್ನೊಂದನ್ನು ಗಾಳಿಯಲ್ಲಿ ಆಡಿಸಿ, ಬಿಸಿಯ ವಾಸನೆ ಹಿಡಿದು, ಕಾಲುಚೀಲದ ನೂಲಿನ ನಡುವೆ ಇಳಿಯುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಸಂಜೆ ಕೋಣೆಗೆ ಬಂದು ಕಾಲುಚೀಲ ಕಳಚಿದಾಗ ರಕ್ತ ಕಾಣುತ್ತದೆ. ಇಲ್ಲಿನ ತೋಟದ ಕೆಲಸದವರು ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಕಾಲಿಗೆ ತೀಡಿಕೊಂಡೇ ಹೊರಡುತ್ತಾರೆ. ಬೆಂಗಳೂರಿನ ಹುಡುಗಿಯೊಬ್ಬಳು ಜಿಗಣೆ ಕಂಡು ಕಿರುಚಿದಾಗ ಚಾಲಕ ಡ್ಯಾಶ್‌ಬೋರ್ಡಿನಿಂದ ಉಪ್ಪಿನ ಪೊಟ್ಟಣ ತೆಗೆದು, "ಹೆದರಬೇಡಿ ಅಕ್ಕ, ಇದು ಸಿನಿಮಾದಲ್ಲಿ ಇರಲಿಲ್ಲ ಅಲ್ವಾ," ಎಂದು ಸಮಾಧಾನ ಮಾಡಿದ.

ಇರಲಿಲ್ಲ, ನಿಜ. ಕೊಡಗಿನ ಮಳೆಗಾಲದ ಬಹುಪಾಲು ಸಂಗತಿಗಳು ಪರದೆಗೆ ಬಂದಿಲ್ಲ. ಸಿನಿಮಾದ ಕೊಡಗಿನಲ್ಲಿ ಕರ್ನಲ್ ಇದ್ದಾನೆ, ಹಿಂದಕ್ಕೆ ನೆರಿಗೆ ಇಟ್ಟು ಸೀರೆ ಉಟ್ಟ ಚೆಲುವೆಯರಿದ್ದಾರೆ, ಕುಪ್ಯಚೇಲೆ ತೊಟ್ಟು ಪೀಚೆಕತ್ತಿ ಸಿಕ್ಕಿಸಿದ ಗಂಡಸರಿದ್ದಾರೆ, ಕಾಫಿ ತೋಟದ ನಡುವೆ ದೊಡ್ಡ ಮನೆಯಿದೆ. ಆ ಮನೆಯ ಹಿಂದಿನ, ತೋಟದ ಕೆಲಸದವರ ಲೈನ್ ಮನೆಗಳಿಲ್ಲ. ಅಲ್ಲಿ ಒದ್ದೆ ಸೌದೆ ಊದುತ್ತ ಕಣ್ಣು ಕೆಂಪಾಗಿಸಿಕೊಂಡ ಯರವರ ಹೆಣ್ಣುಮಗಳಿಲ್ಲ. ತಲೆಯಿಂದ ಬೆನ್ನಿನವರೆಗೆ ಪ್ಲಾಸ್ಟಿಕ್ ಹೊದ್ದು, ಬಗ್ಗಿ, ಗಿಡದ ಬುಡಕ್ಕೆ ಗೊಬ್ಬರ ಹಾಕುವ ಸಾಲಿಲ್ಲ. ಜುಲೈ ತಿಂಗಳಿಡೀ ಬಿಸಿಲು ಕಾಣದೆ ಕೊಳೆರೋಗಕ್ಕೆ ಕಪ್ಪಾಗಿ ಉದುರುವ ಕಾಫಿಕಾಯಿ ಇಲ್ಲ. ಸೊರಗುರೋಗ ಬಂದು ಒಂದೇ ವಾರದಲ್ಲಿ ಒಣಗಿ ನಿಂತ ಮೆಣಸಿನ ಬಳ್ಳಿಯನ್ನು ಮುಟ್ಟಿ ನೋಡುವ ಸಣ್ಣ ಬೆಳೆಗಾರನಿಲ್ಲ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗಿದಾಗ ದೋಣಿಗಾಗಿ ಕಾಯುವವರಿಲ್ಲ. ಕರೆಂಟು ಹೋಗಿ ವಾರವಾದ ಮನೆಗಳಿಲ್ಲ. ಮಳೆಗಾಲದ ಊಟವೂ ಇಲ್ಲ. ಕಕ್ಕಡ ತಿಂಗಳಿನಲ್ಲಿ ಎಳೆ ಬಿದಿರಿನ ಬೈಂಬಳೆ ಕರಿ, ಕೆಸ, ಗದ್ದೆಯ ಏಡಿ, ಅಣಬೆ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ, ಅದನ್ನು ಉಂಡ ಮರುದಿನ ಮೂತ್ರ ಕೆಂಪಾದದ್ದು ಕಂಡು ಹೊಸ ಅಳಿಯಂದಿರು ಗಾಬರಿಯಾಗುವುದು. ಒಂದು ಸಿನಿಮಾ ಎಲ್ಲವನ್ನೂ ತೋರಿಸಬೇಕು ಎಂದು ನಾನು ಹೇಳುತ್ತಿಲ್ಲ. ಪ್ರೇಮಕಥೆಗೆ ಪ್ರೇಮದ ಮಳೆ ಸಾಕು. ಆದರೆ ಆ ಒಂದು ಸಿನಿಮಾ ಅಷ್ಟು ಗಾಢವಾಗಿ ಗೆದ್ದದ್ದರಿಂದ ಉಳಿದವರೆಲ್ಲ ಅದೇ ಮಳೆಯನ್ನು ಮತ್ತೆ ಮತ್ತೆ ತೆಗೆದರು. ಅದರ ನಂತರ ಬಂದ ಎಷ್ಟೋ ಸಿನಿಮಾಗಳಲ್ಲಿ ಕೊಡಗು ಹಾಡಿಗೆ ಬಂದು ಹಾಡು ಮುಗಿದೊಡನೆ ಹೊರಟು ಹೋಗುವ ಜಾಗವಾಯಿತು.

2018ರ ಆಗಸ್ಟ್ ಮಧ್ಯದಲ್ಲಿ ಮಳೆ ಬೇರೆಯೇ ಆಗಿ ಬಂತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ. ಒಂದಾದ ಮೇಲೊಂದು ಗುಡ್ಡ ಬಾಯಿಬಿಟ್ಟು ಕೆಳಗಿಳಿಯಿತು. ಹಸಿರಿನ ನಡುವೆ ಕೆಂಪು ಮಣ್ಣಿನ ಗಾಯಗಳು ಮೈಲಿಗಟ್ಟಲೆ ದೂರದಿಂದ ಕಾಣುತ್ತಿದ್ದವು. ಮೂರು ತಲೆಮಾರು ಬೆಳೆಸಿದ ತೋಟ, ಅದರೊಳಗಿನ ಮನೆ, ಕೊಟ್ಟಿಗೆ, ದನ, ಕೆಳಗಿನ ಗದ್ದೆ, ಎಲ್ಲ ಒಂದೇ ಕೆಸರಾಗಿ ಹೊಳೆಗೆ ಸೇರಿದವು. ಮಡಿಕೇರಿ ಮಂಗಳೂರು ಹೆದ್ದಾರಿ ಮುಚ್ಚಿತು. ಸಿನಿಮಾ ನೋಡಿ ಬಂದವರು ಹಾದುಹೋಗುತ್ತಿದ್ದ ಮಾಂದಲ್‌ಪಟ್ಟಿಯ ದಾರಿಯೇ ಆ ಸೀಮೆಯ ನಡುವೆ ಇತ್ತು. ಜನ ಪರಿಹಾರ ಕೇಂದ್ರಗಳಲ್ಲಿ ಮಲಗಿದರು. ಆಮೇಲೆ ಜಂಬೂರಿನಲ್ಲಿ, ಮದೆನಾಡಿನಲ್ಲಿ ಸಾಲುಮನೆಗಳಾದವು. ಅಂಗಳದಲ್ಲಿ ಕಾಫಿ ಒಣಗಿಸುತ್ತಿದ್ದವರಿಗೆ ಪಕ್ಕದ ಮನೆಯ ಗೋಡೆಗೆ ಅಂಟಿದ ಗೋಡೆ ಸಿಕ್ಕಿತು. ಮತ್ತೆ ಎರಡು ವರ್ಷಕ್ಕೆ, 2020ರ ಆಗಸ್ಟಿನಲ್ಲಿ, ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಕೊಂಡೊಯ್ಯಿತು.

ಅಂದಿನಿಂದ ಇಲ್ಲಿ ಮಳೆಯ ಸದ್ದು ಬದಲಾಗಿದೆ. ರಾತ್ರಿ ಜೋರಾಗಿ ಸುರಿದರೆ ಹಿರಿಯರು ಟಾರ್ಚು ಹಿಡಿದು ಹೊರಗೆ ಬಂದು ಹಿತ್ತಿಲ ಬರೆಯನ್ನು ನೋಡುತ್ತಾರೆ. ಬರೆಯಲ್ಲಿ ಹೊಸದಾಗಿ ಒರತೆ ಎದ್ದಿದೆಯೇ, ನೀರು ಕಲಕಾಗಿ ಬರುತ್ತಿದೆಯೇ, ನೆಲದಲ್ಲಿ ಬಿರುಕು ಮೂಡಿದೆಯೇ ಎಂದು ಮಕ್ಕಳಿಗೂ ನೋಡಲು ಗೊತ್ತು. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರೆ ಮಕ್ಕಳು ಕುಣಿಯುತ್ತಾರೆ, ತಾಯಂದಿರು ಆಕಾಶ ನೋಡುತ್ತಾರೆ.

2018ರ ಆ ವಾರಗಳ ಮಳೆ ನೆರೆಯ ಕೇರಳವನ್ನೂ ಮುಳುಗಿಸಿತ್ತು. ಮಲಯಾಳದಲ್ಲಿ ಜೂಡ್ ಆಂಥನಿ ಜೋಸೆಫ್ ಅದನ್ನು '2018' ಎಂಬ ಹೆಸರಿನಲ್ಲೇ ಸಿನಿಮಾ ಮಾಡಿದರು. 2023ರಲ್ಲಿ ಅದು ಬಂದಾಗ ಚಿತ್ರಮಂದಿರಗಳು ತುಂಬಿ ತುಳುಕಿದವು, ಆಸ್ಕರ್ ಸ್ಪರ್ಧೆಗೆ ಭಾರತದ ಪರವಾಗಿ ಹೋದದ್ದೂ ಅದೇ. ಅವರು ದೊಡ್ಡ ತೊಟ್ಟಿ ಕಟ್ಟಿ, ನೀರು ತುಂಬಿ, ಮುಳುಗಿದ ಊರನ್ನೇ ಮತ್ತೆ ನಿಲ್ಲಿಸಿದರು. ಮೀನುಗಾರರು ತಮ್ಮ ದೋಣಿ ತಂದು ಜನರನ್ನು ಎತ್ತಿದ್ದನ್ನು ತೋರಿಸಿದರು. ಕನ್ನಡಕ್ಕೆ ಮಳೆಯನ್ನು ತೆಗೆಯುವ ಕೈ ಇದೆ, ಇಪ್ಪತ್ತು ವರ್ಷದ ಅಭ್ಯಾಸವಿದೆ, ಮಳೆಗಾಗಿ ಕಾಸು ಕೊಟ್ಟು ಕೂರುವ ಪ್ರೇಕ್ಷಕನಿದ್ದಾನೆ. ಹಟ್ಟಿಹೊಳೆಯ ಆ ರಾತ್ರಿಯನ್ನೂ ಅಷ್ಟೇ ದೊಡ್ಡದಾಗಿ, ಅಷ್ಟೇ ಪ್ರೀತಿಯಿಂದ ಅವನ ಮುಂದೆ ಇಡಬೇಕು ಎಂಬುದು ನನ್ನ ಆಸೆ. ಗುಡ್ಡ ಇಳಿಯುವ ಮೊದಲು ನಾಯಿಗಳು ಬೊಗಳಿದ್ದು, ಕೆಸರಿನಲ್ಲಿ ಎದೆಮಟ್ಟ ಇಳಿದು ಮುದುಕಿಯನ್ನು ಹೆಗಲ ಮೇಲೆ ಹೊತ್ತು ಬಂದ ಹುಡುಗರು, ನೆಲೆ ತಪ್ಪಿದವರಿಗೆ ಅನ್ನ ಬೇಯಿಸಿದ ಮದರಸ, ಚರ್ಚು, ದೇವಸ್ಥಾನಗಳ ಒಲೆಗಳು. ಇದನ್ನೆಲ್ಲ ಇಲ್ಲಿನವರು ಊಟದ ಹೊತ್ತಿನಲ್ಲಿ ಹೇಳುತ್ತಾರೆ, ಹೇಳುತ್ತ ತಟ್ಟೆಯಲ್ಲೇ ಕೈಯೊಣಗಿಸಿಕೊಳ್ಳುತ್ತಾರೆ.

ಕೊಡಗಿಗೆ ತನ್ನದೇ ಸಿನಿಮಾ ಇದೆ ಎಂಬುದು ಹೊರಗಿನ ಬಹಳ ಮಂದಿಗೆ ತಿಳಿದಿಲ್ಲ. ಕೊಡವ ಭಾಷೆಯ ಮೊದಲ ಚಿತ್ರ 'ನಾಡ ಮಣ್ಣ್ ನಾಡ ಕೂಳ್' 1972ರಲ್ಲೇ ಬಂತು, ಎಸ್.ಆರ್. ರಾಜನ್ ನಿರ್ದೇಶನದಲ್ಲಿ. ಆ ಭಾಷೆ ಆಡುವವರು ಒಂದು ಲಕ್ಷಕ್ಕೆ ತುಸು ಹೆಚ್ಚು. ಇಷ್ಟು ಸಣ್ಣ ಮಾರುಕಟ್ಟೆಗೆ ಬಂಡವಾಳ ಹಾಕುವವರು ಸಿಗುವುದು ಕಷ್ಟ. ಪ್ರೇಮಾ, ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ, ವಿರಾಜಪೇಟೆಯ ರಶ್ಮಿಕಾ ಮಂದಣ್ಣ, ಹೀಗೆ ಕೊಡಗು ಕನ್ನಡಕ್ಕೂ ದೇಶಕ್ಕೂ ನಟಿಯರನ್ನು ಕೊಟ್ಟಿತು. ತನ್ನ ಭಾಷೆಯ ಸಿನಿಮಾಕ್ಕೆ ಮಾತ್ರ ಚಿತ್ರಮಂದಿರ ಸಿಗಲಿಲ್ಲ. ಆದರೂ ಹಟ ಹಿಡಿದವರಿದ್ದಾರೆ. ಮನೆಯವರೇ ನಟರು, ಕುಲದ ಹಿರಿಯ ಮನೆಯಾದ ಐನ್‌ಮನೆಯೇ ಸೆಟ್ಟು, ನೆಂಟರ ಕಾರೇ ಪ್ರೊಡಕ್ಷನ್ ವಾಹನ. ಹೀಗೆ ತೆಗೆದ ಚಿತ್ರಗಳನ್ನು ಕೊಡವ ಸಮಾಜದ ಸಭಾಂಗಣಗಳಲ್ಲಿ ಪರದೆ ಕಟ್ಟಿ, ಕುರ್ಚಿ ಹಾಕಿ ತೋರಿಸುತ್ತಾರೆ. ಮದುವೆಗೆ ಬಂದಂತೆ ಜನ ಸೇರುತ್ತಾರೆ.

ಅಂಥದ್ದೊಂದು ಪ್ರದರ್ಶನದಲ್ಲಿ ಪ್ರೊಜೆಕ್ಟರಿನ ವಯರು ಸುತ್ತುತ್ತಿದ್ದ ಹುಡುಗನೊಬ್ಬ ಮಾತಿಗೆ ಸಿಕ್ಕ. ಮಕ್ಕಂದೂರಿನ ಕಡೆಯವನು, 2018ರಲ್ಲಿ ಹೈಸ್ಕೂಲಿನಲ್ಲಿದ್ದ. ಮೈಸೂರಿನಲ್ಲಿ ಓದು ಮುಗಿಸಿ ಮದುವೆ ವಿಡಿಯೋ ಮಾಡುತ್ತಾನೆ. ಆ ವರ್ಷದ ಕಥೆಯನ್ನು ಕಿರುಚಿತ್ರ ಮಾಡಬೇಕೆಂದು ಅರ್ಧ ಬರೆದಿಟ್ಟಿದ್ದಾನಂತೆ. ಕ್ಯಾಮೆರಾ ಇದೆ, ಮಳೆಯೂ ಇದೆ, ಇನ್ನೇನು ಬೇಕು ಎಂದೆ.

"ಮಳೆಗಾಲದಲ್ಲಿ ತೆಗೆಯಕ್ಕಾಗಲ್ಲ ಸಾರ್. ಜೋರು ಮಳೆಯಲ್ಲಿ ಆ ಜಾಗಕ್ಕೆ ಹೋಗಕ್ಕೆ ಅಮ್ಮ ಬಿಡಲ್ಲ, ಊರವರೂ ಬಿಡಲ್ಲ. ಜನವರಿಯಲ್ಲಿ ಟ್ಯಾಂಕರ್ ತಂದು ಮಳೆ ಹೊಯ್ಸಬೇಕು. ಹಿಂದಿನಿಂದ ಒಂದು ದೊಡ್ಡ ಲೈಟು ಬೇಕು, ಇಲ್ದಿದ್ರೆ ಮಳೆ ಕಾಣಲ್ಲ. ಜನರೇಟರ್ ಬೇರೆ. ಕೊಯ್ಲಿನ ಟೈಮಲ್ಲಿ ಟ್ಯಾಂಕರ್‌ಗೆ ದಿನಕ್ಕೆ ಎಷ್ಟು ಬಾಡಿಗೆ ಕೇಳ್ತಾರೆ ಗೊತ್ತಾ?"